ದೀಪಕ್ಕೆ ತಕ್ಕ ತಂತಿ

(ಮನೆಬೆಳಕಿನ ವೈರಿಂಗ್ ಕುರಿತು ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳ್ಳಿಗಳಲ್ಲಿ ಸೌರದೀಪದ ಮೇಲೆ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಹಾಕಿಸಿದ ಹೊಸದರಲ್ಲಿ ಜಗಲಿಯ ದೀಪ ಚೆನ್ನಾಗಿಯೇ ಉರಿಯಿತು, ಅಡುಗೆಮನೆಯದಕ್ಕೂ ಅಡ್ಡಿಯಿರಲಿಲ್ಲ, ಕೊಟ್ಟಿಗೆಯ ದೀಪ ಮಾತ್ರ ಮೊದಲ ದಿನದಿಂದಲೇ ಮಂಕು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬ್ಯಾಟರಿಯೂ ಕೈಕೊಟ್ಟಿತು. ನಮ್ಮ ಕಡೆಯ ಮೋಡಕ್ಕೆ ಸೋಲಾರು ಆಗಿಬರುವುದಲ್ಲ ಎಂದು ಮನೆಯವರು ತೀರ್ಮಾನಿಸುತ್ತಾರೆ. ಪ್ಯಾನೆಲ್ಲು ಮಾಡಿನ ಮೇಲೆ ಪಾಚಿ ಹಿಡಿಯುತ್ತದೆ, ನೆರೆಮನೆಯವರೂ ಅದನ್ನು ನೋಡಿ ಹಿಂಜರಿಯುತ್ತಾರೆ.

ಮೋಡದ ತಪ್ಪೂ ಇದೆ, ನಿಜ. ಆಷಾಢದ ಕತ್ತಲೆಯಲ್ಲಿ ಯಾವ ಪ್ಯಾನೆಲ್ಲೂ ಪವಾಡ ಮಾಡದು. ಆದರೆ ಇಂಥ ಮನೆಯಲ್ಲಿ ಮಲ್ಟಿಮೀಟರು ಹಿಡಿದು ಬ್ಯಾಟರಿಯಿಂದ ದೀಪದವರೆಗೆ ಒಮ್ಮೆ ನಡೆದು ನೋಡಿದರೆ, ಎಷ್ಟೋ ಸಲ ದೋಷ ಸಿಗುವುದು ಪ್ಯಾನೆಲ್ಲಿನಲ್ಲಲ್ಲ, ಬ್ಯಾಟರಿಯಲ್ಲೂ ಅಲ್ಲ. ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದ ತಂತಿಯಲ್ಲಿ. ಪ್ಯಾನೆಲ್ಲಿನ ವ್ಯಾಟು ಎಷ್ಟು, ಬ್ಯಾಟರಿಯ ವಾರಂಟಿ ಎಷ್ಟು ವರ್ಷ ಎಂದು ಹತ್ತು ಸಲ ವಿಚಾರಿಸಿದ ಯಜಮಾನರು ತಂತಿಯ ದಪ್ಪವನ್ನು ಕೇಳಿರುವುದಿಲ್ಲ. ಕೇಳಬೇಕೆಂದು ಅವರಿಗೆ ಹೇಳಿದವರೂ ಇಲ್ಲ.

ತಂತಿಯ ಗುಣವನ್ನು ತಿಳಿಯಲು ಘಟ್ಟದ ಜನಕ್ಕೆ ಪಠ್ಯಪುಸ್ತಕ ಬೇಕಿಲ್ಲ, ಅಬ್ಬಿ ನೀರು ಸಾಕು. ಗುಡ್ಡದ ಒರತೆಯಿಂದ ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಕರಿ ಪೈಪಿನಲ್ಲಿ ಮನೆಯಂಗಳಕ್ಕೆ ನೀರು ತಂದವರಿಗೆಲ್ಲ ಒಂದು ಸಂಗತಿ ಗೊತ್ತು. ಒರತೆ ಬಹಳ ಎತ್ತರದಲ್ಲಿದ್ದರೆ ಅರ್ಧ ಇಂಚಿನ ಪೈಪಿನಲ್ಲೂ ನೀರು ರಭಸದಿಂದ ಇಳಿಯುತ್ತದೆ. ಒರತೆ ಅಂಗಳಕ್ಕಿಂತ ಆಳೆತ್ತರ ಮಾತ್ರ ಮೇಲಿದ್ದರೆ, ಅದೇ ಅರ್ಧ ಇಂಚಿನ ಪೈಪಿನ ತುದಿಯಲ್ಲಿ ನೀರು ಸೊರಗಿ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಆಗ ದಪ್ಪ ಪೈಪು ಬೇಕು, ಇಲ್ಲವೇ ಒರತೆಯ ಹತ್ತಿರಕ್ಕೇ ಹಂಡೆ ಒಯ್ಯಬೇಕು.

ವಿದ್ಯುತ್ತಿನಲ್ಲಿ ಒರತೆಯ ಎತ್ತರಕ್ಕೆ ಸಮನಾದುದು ವೋಲ್ಟೇಜು. ಹರಿಯುವ ನೀರಿನ ಪ್ರಮಾಣಕ್ಕೆ ಸಮನಾದುದು ಆಂಪಿಯರಿನಲ್ಲಿ ಅಳೆಯುವ ಪ್ರವಾಹ. ಪೈಪಿನ ಒಳಮೈಯ ತಡೆಗೆ ಸಮನಾದುದು ತಂತಿಯ ರೋಧ. ಕಂಬದಿಂದ ಬರುವ 230 ವೋಲ್ಟು ಗುಡ್ಡದ ನೆತ್ತಿಯ ಒರತೆಯಾದರೆ, ಬ್ಯಾಟರಿಯ 12 ವೋಲ್ಟು ಅಂಗಳದ ದರೆಯ ಒರತೆ. ಹೋಲಿಕೆ ಒಂದು ಕಡೆ ಮಾತ್ರ ಸೋಲುತ್ತದೆ: ನೀರು ಹರಿದು ಬಂದರೆ ಮುಗಿಯಿತು, ವಿದ್ಯುತ್ತು ಬಂದ ಹಾದಿಗೆ ಜೋಡಿಯಾದ ಇನ್ನೊಂದು ತಂತಿಯಲ್ಲಿ ಹಿಂದಿರುಗಬೇಕು. ಆದುದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಉದ್ದವು ದೂರದ ಎರಡರಷ್ಟು. ಲೆಕ್ಕ ತಪ್ಪುವವರು ಹೆಚ್ಚಾಗಿ ಇಲ್ಲಿಯೇ ತಪ್ಪುತ್ತಾರೆ.

ಒಂದು ಮೀಟರು ಉದ್ದದ, ಅಡ್ಡಕೊಯ್ತದ ವಿಸ್ತೀರ್ಣ ಒಂದು ಚದರ ಮಿಲಿಮೀಟರು ಇರುವ ತಾಮ್ರದ ತಂತಿಯ ರೋಧ ಸುಮಾರು 0.018 ಓಮು. ತಂತಿ ಎರಡರಷ್ಟು ಉದ್ದವಾದರೆ ರೋಧವೂ ಎರಡರಷ್ಟಾಗುತ್ತದೆ, ಎರಡರಷ್ಟು ದಪ್ಪವಾದರೆ ಅರ್ಧವಾಗುತ್ತದೆ. ಅಂಗಡಿಯಲ್ಲಿ ‘ಒಂದೂವರೆ ಎಂಎಂ’, ‘ಎರಡೂವರೆ ಎಂಎಂ’ ಎಂದು ಕರೆಯುವುದು ಈ ವಿಸ್ತೀರ್ಣವನ್ನೇ ಹೊರತು ತಂತಿಯ ಅಗಲವನ್ನಲ್ಲ.

ಈಗ ಬ್ಯಾಟರಿಯಿಂದ 30 ಮೀಟರು ದೂರದ ಕೊಟ್ಟಿಗೆಯನ್ನು ನೆನೆಯಬಹುದು. ಅಂಗಳ ದಾಟಿ, ಬಚ್ಚಲ ಮಗ್ಗುಲಿನಿಂದ ಸುತ್ತಿ ಹೋದರೆ ಮಲೆನಾಡಿನ ಮನೆಯಲ್ಲಿ ಇದು ಹೆಚ್ಚಿನ ದೂರವೇನಲ್ಲ. ಅಲ್ಲಿ 9 ವ್ಯಾಟಿನ ಒಂದು ಎಲ್‌ಇಡಿ ದೀಪ. 12 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ 0.75 ಆಂಪಿಯರು. ಹೋಗಿಬರುವ ತಂತಿ 60 ಮೀಟರು. ಒಂದು ಚದರ ಮಿಲಿಮೀಟರಿನದಾದರೆ ಅದರ ರೋಧ 1.08 ಓಮು. ಎರಡನ್ನೂ ಗುಣಿಸಿದರೆ ಹಾದಿಯಲ್ಲಿ ಸೋರಿಹೋಗುವ ವೋಲ್ಟೇಜು 0.81. ಹನ್ನೆರಡರಲ್ಲಿ ಮುಕ್ಕಾಲು ಮೀರಿ ಹೋಯಿತು. ಅದೇ ತಂತಿ, ಅಷ್ಟೇ ವ್ಯಾಟಿನ ದೀಪ ಕಂಬದ 230 ವೋಲ್ಟಿನಲ್ಲಿ ಉರಿದರೆ ಪ್ರವಾಹ 0.04 ಆಂಪಿಯರಿನಷ್ಟು, ಹಾದಿಯ ನಷ್ಟ ಒಂದು ವೋಲ್ಟಿನ ನೂರರಲ್ಲಿ ನಾಲ್ಕು ಪಾಲು, ಇಲ್ಲವೆಂದೇ ಹೇಳಬೇಕು. ಒಂದೇ ದೀಪ, ಒಂದೇ ತಂತಿ, ಒಂದೇ ದೂರ. ಆದರೂ ಬ್ಯಾಟರಿಯ ವ್ಯವಸ್ಥೆಯಲ್ಲಿ ನಷ್ಟದ ಶೇಕಡಾವಾರು 360 ಪಟ್ಟಿಗೂ ಹೆಚ್ಚು. ಕಂಬದ ಕರೆಂಟಿನ ವೈರಿಂಗಿನಲ್ಲಿ ಹತ್ತಾರು ವರ್ಷ ಪಳಗಿದ ಕೈ ಸೌರದೀಪಕ್ಕೆ ಅದೇ ರೂಢಿಯ ತಂತಿ ಎಳೆದಾಗ ದೀಪ ಮಂಕಾಗುವುದು ಇದರಿಂದಲೇ. ಕೆಲಸಗಾರನ ಅಪ್ರಾಮಾಣಿಕತೆ ಇದಲ್ಲ. ಎತ್ತರದ ಒರತೆಯ ಅನುಭವವನ್ನು ತಗ್ಗಿನ ಒರತೆಗೆ ಹಚ್ಚಿದ್ದಷ್ಟೇ.

ಕೊಟ್ಟಿಗೆಗೆ ಹೋದ ತಂತಿಯಿಂದಲೇ ಬಚ್ಚಲಿಗೊಂದು, ಹುಲ್ಲಿನ ಮಾಡಿಗೊಂದು ದೀಪವನ್ನು ಮುಂದೆ ಯಾರಾದರೂ ಸೇರಿಸಿಯೇ ಸೇರಿಸುತ್ತಾರೆ. ಮೂರೂ ದೀಪ ಆ ತುದಿಯಲ್ಲಿವೆ ಎಂದುಕೊಂಡರೆ 27 ವ್ಯಾಟು, 2.25 ಆಂಪಿಯರು, ನಷ್ಟ 2.4 ವೋಲ್ಟು. ಐದರಲ್ಲೊಂದು ಪಾಲು ವಿದ್ಯುತ್ತು ದೀಪವನ್ನು ಮುಟ್ಟಲೇ ಇಲ್ಲ, ತಂತಿಯನ್ನು ಬೆಚ್ಚಗೆ ಮಾಡಲು ಹೋಯಿತು. ಎಷ್ಟೋ ಕಡೆ ಎಳೆದಿರುವುದು ಒಂದು ಚದರ ಮಿಲಿಮೀಟರಿನದೂ ಅಲ್ಲ, ರೇಡಿಯೋಗೆ ಬಳಸುವಂಥ ಸಪೂರ ಜೋಡಿ ತಂತಿ. ಅಲ್ಲಿ ನಷ್ಟ ಇದರ ಇಮ್ಮಡಿ. ಅಗ್ಗದ ಎಲ್‌ಇಡಿಯಾದರೆ ಮಂಕಾಗಿ ಉರಿಯುತ್ತದೆ. ಬೆಳಕನ್ನು ಒಂದೇ ಸಮ ಇಡುವ ಮಂಡಲವುಳ್ಳ ದೀಪವಾದರೆ ಕೊರತೆ ತುಂಬಿಕೊಳ್ಳಲು ಇನ್ನಷ್ಟು ಪ್ರವಾಹ ಎಳೆದು ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ. ಬೆಳಕು ಚೆನ್ನಾಗಿಯೇ ಇದೆ, ಬ್ಯಾಟರಿ ಮಾತ್ರ ರಾತ್ರಿ ಎಂಟಕ್ಕೇ ಮುಗಿಯುತ್ತದೆ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇದೇ ಕಾರಣ ಅಡಗಿರುತ್ತದೆ.

ಪ್ರತಿ ಸಲ ಓಮು, ಆಂಪಿಯರು ಎಂದು ಲೆಕ್ಕ ಹಾಕುವುದು ಎಲ್ಲರಿಗೂ ಸಾಧ್ಯವಿಲ್ಲ. 12 ವೋಲ್ಟಿನ ದೀಪಗಳಿಗೆ ಒಂದು ಸುಲಭ ಸೂತ್ರವಿದೆ. ಬ್ಯಾಟರಿಯಿಂದ ದೀಪಕ್ಕಿರುವ ದೂರವನ್ನು ಮೀಟರಿನಲ್ಲಿ ಅಳೆಯಬೇಕು. ಒಂದೇ ಬದಿಯ ದೂರ ಸಾಕು. ಅದನ್ನು ದೀಪದ ವ್ಯಾಟಿನಿಂದ ಗುಣಿಸಿ 200ರಿಂದ ಭಾಗಿಸಬೇಕು. ಬಂದ ಉತ್ತರವೇ ಬೇಕಾದ ತಾಮ್ರದ ತಂತಿಯ ಚದರ ಮಿಲಿಮೀಟರು. ನಷ್ಟ ಶೇಕಡಾ 5ನ್ನು, ಅಂದರೆ 0.6 ವೋಲ್ಟನ್ನು ಮೀರಬಾರದೆಂಬ ಮಿತಿ ಈ 200ರೊಳಗೆ ಅಡಕವಾಗಿದೆ. ಅದು ಹೇಗೆ ಬಂತೆಂದು ವಿದ್ಯಾರ್ಥಿಗಳು ಓಮನ ನಿಯಮದಿಂದ ತಾವೇ ಬಿಡಿಸಿ ನೋಡಬಹುದು. ಮೇಲಿನ ಉದಾಹರಣೆಗೆ 30ನ್ನು 9ರಿಂದ ಗುಣಿಸಿದರೆ 270, ಇನ್ನೂರರಿಂದ ಭಾಗಿಸಿದರೆ 1.35. ಅಂಥ ತಂತಿ ಮಾರುಕಟ್ಟೆಯಲ್ಲಿಲ್ಲ. ಸಿಗುವುದು 1, 1.5, 2.5, 4, 6, 10. ಯಾವಾಗಲೂ ಮೇಲಿನ ಅಳತೆಗೆ ಏರಬೇಕು, ಆದುದರಿಂದ ಒಂದೂವರೆ. ಮೂರು ದೀಪಗಳಾದರೆ ಉತ್ತರ 4.05, ನಾಲ್ಕರ ತಂತಿ ಸಾಕು, ಕೂದಲೆಳೆಯ ವ್ಯತ್ಯಾಸಕ್ಕೆ ಆರಕ್ಕೆ ಹೋಗಬೇಕಾಗಿಲ್ಲ. ಬ್ಯಾಟರಿ ವ್ಯವಸ್ಥೆ 24 ವೋಲ್ಟಿನದಾದರೆ 200ರ ಬದಲು 800. ವೋಲ್ಟೇಜು ಇಮ್ಮಡಿಯಾದರೆ ಬೇಕಾದ ತಾಮ್ರ ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆಂಬುದು ದೊಡ್ಡ ಮನೆಗಳವರು ಮನಸ್ಸಿನಲ್ಲಿಡಬೇಕಾದ ಮಾತು.

ಸೂತ್ರ ಸಿಕ್ಕಿತೆಂದು ನೇರವಾಗಿ ಅಂಗಡಿಗೆ ಹೋಗುವುದು ಸರಿಯಲ್ಲ. ತಾಮ್ರವೇನೂ ಆಕಾಶದಿಂದ ಉದುರುವುದಿಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿಯಿತ್ತು. ಮಧ್ಯಪ್ರದೇಶದ ಮಲಾಜ್‌ಖಂಡದಲ್ಲಿ ಬೆಟ್ಟವನ್ನೇ ಬಗೆದ ತೆರೆದ ಗಣಿಯಿದೆ. ತಮ್ಮ ಗುಡ್ಡ ಉಳಿಯಬೇಕೆನ್ನುವವರು ಬೇರೆಯವರ ಗುಡ್ಡದಿಂದ ಬಂದ ಲೋಹವನ್ನು ಸುರುಳಿಗಟ್ಟಲೆ ಗೋಡೆಗೆ ಬಡಿಯುವ ಮೊದಲು ತಂತಿಯ ದೂರವನ್ನು ಕಡಿಮೆ ಮಾಡಲು ಬರುತ್ತದೆಯೇ ಎಂದು ನೋಡಬೇಕು. ಬ್ಯಾಟರಿಯನ್ನು ಸಾಮಾನ್ಯವಾಗಿ ಜಗಲಿಯ ಮೂಲೆಯಲ್ಲಿಡುತ್ತಾರೆ. ಬಂದವರಿಗೆ ಕಾಣಲಿ ಎಂಬ ಆಸೆಯೂ ಅದರಲ್ಲಿ ಸ್ವಲ್ಪ ಇರುತ್ತದೆ. ಅದನ್ನೇ ಗಾಳಿಯಾಡುವ, ಒಲೆಯಿಂದ ದೂರವಿರುವ, ಅಡುಗೆಮನೆ ಮತ್ತು ಹಿತ್ತಿಲ ಬಾಗಿಲುಗಳ ನಡುವಿನ ಜಾಗಕ್ಕೆ ಸರಿಸಿದರೆ ಕೊಟ್ಟಿಗೆಯ 30 ಮೀಟರು 18ಕ್ಕೆ ಇಳಿಯಬಹುದು. ಕೊಟ್ಟಿಗೆಗೆ 9 ವ್ಯಾಟು ಬೇಕೇ ಎಂಬುದೂ ಪ್ರಶ್ನೆ. ಹಾಲು ಕರೆಯುವ ಜಾಗದ ನೇರ ಮೇಲೆ, ಆಳೆತ್ತರದಲ್ಲಿ ತೂಗುಹಾಕಿದ 5 ವ್ಯಾಟಿನ ದೀಪ, ಮಾಡಿನ ತುದಿಯಲ್ಲಿ ಇಲ್ಲಣದ ನಡುವೆ ಸಿಕ್ಕಿಕೊಂಡ 9 ವ್ಯಾಟಿನ ದೀಪಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ. 18 ಮೀಟರು, 5 ವ್ಯಾಟು: ಸೂತ್ರದ ಪ್ರಕಾರ ಅರ್ಧ ಚದರ ಮಿಲಿಮೀಟರಿಗೂ ಕಡಿಮೆ. ಗಟ್ಟಿತನದ ದೃಷ್ಟಿಯಿಂದ ಒಂದನ್ನು ಹಾಕಿದರೂ ಧಾರಾಳವಾಯಿತು. ದೂರದ ಕೊಟ್ಟಿಗೆಗೆ ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ ಹೊರಡಬೇಕು. ಮನೆಯ ಎಲ್ಲ ದೀಪಗಳ ಭಾರ ಹೊತ್ತ ತಂತಿಯ ಬಾಲಕ್ಕೆ ಅದನ್ನು ಕಟ್ಟಬಾರದು.

ಪ್ಯಾನೆಲ್ಲಿನಿಂದ ಬ್ಯಾಟರಿಗೆ ಬರುವ ತಂತಿಯ ಕಥೆ ಇನ್ನೂ ಗಂಭೀರ. ಅಡಿಕೆ, ತೆಂಗು, ಹಲಸಿನ ನೆರಳು ತಪ್ಪಿಸಲು ಪ್ಯಾನೆಲ್ಲನ್ನು ಮನೆಯಿಂದ ದೂರದಲ್ಲಿ, ಕಣದ ಅಂಚಿನ ಕಂಬದ ಮೇಲೋ ಕೊಟ್ಟಿಗೆಯ ಮಾಡಿನ ಮೇಲೋ ಇಡಬೇಕಾಗುತ್ತದೆ. 100 ವ್ಯಾಟಿನ ಪ್ಯಾನೆಲ್ಲು ಒಳ್ಳೆಯ ಬಿಸಿಲಿನಲ್ಲಿ ಸುಮಾರು 18 ವೋಲ್ಟಿನಲ್ಲಿ ಐದೂವರೆ ಆಂಪಿಯರಿನಷ್ಟು ಕೊಡುತ್ತದೆ. ನಡುವಿನ ದೂರ 15 ಮೀಟರು, ತಂತಿ ಒಂದೂವರೆಯದಾದರೆ ಎರಡು ವೋಲ್ಟು ದಾರಿಯಲ್ಲೇ ಕರಗುತ್ತದೆ. ಪ್ಯಾನೆಲ್ಲು ಕಾದಂತೆಲ್ಲ ಅದರ ವೋಲ್ಟೇಜು ತಾನಾಗಿಯೇ ಇಳಿಯುತ್ತದೆ. ಸೀಸದ ಬ್ಯಾಟರಿ ಪೂರ್ತಿ ತುಂಬಬೇಕಾದರೆ 14 ವೋಲ್ಟಿಗಿಂತ ಸ್ವಲ್ಪ ಹೆಚ್ಚು ಬೇಕು. ಹೀಗೆ ಮೇಲಿನಿಂದಲೂ ಕೆಳಗಿನಿಂದಲೂ ಹಿಂಡಿದಾಗ ಬ್ಯಾಟರಿ ದಿನವೂ ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನಿಂತ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟು ಗಟ್ಟಿಕಟ್ಟಿ ಅದು ಅಕಾಲದಲ್ಲಿ ಸಾಯುತ್ತದೆ. ಸತ್ತ ಬ್ಯಾಟರಿಯ ಸೀಸ ಎಲ್ಲೋ ಒಂದು ಗುಜರಿಯ ಕುಲುಮೆಯಲ್ಲಿ ಹೊಗೆಯಾಗಿ, ಆಮ್ಲ ಯಾವುದೋ ಚರಂಡಿಯಾಗಿ ಹರಿಯುತ್ತದೆ. ತಂತಿಯಲ್ಲಿ ಉಳಿಸಿದ ಕೆಲವು ನೂರು ರೂಪಾಯಿ ಇಷ್ಟು ದೂರ ಹೋಗಿ ಮುಟ್ಟುತ್ತದೆ. ಇಲ್ಲಿ 4ರ ತಂತಿ ಕನಿಷ್ಠ, 6 ಇದ್ದರೆ ಇನ್ನೂ ಒಳಿತು.

ಇಷ್ಟು ಹೊತ್ತು ನಷ್ಟದ ಮಾತಾಯಿತು. ಬೆಂಕಿಯ ಮಾತು ಬೇರೆ.

12 ವೋಲ್ಟು ಶಾಕು ಹೊಡೆಯುವುದಿಲ್ಲ, ಆದುದರಿಂದ ಅಪಾಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಮೊದಲರ್ಧ ಬಹುಮಟ್ಟಿಗೆ ನಿಜ, ಎರಡನೆಯದು ಪೂರ್ತಿ ಸುಳ್ಳು. ತುಂಬಿದ ಬ್ಯಾಟರಿಯ ಎರಡು ಧ್ರುವಗಳು ತೆಳು ತಂತಿಯ ಮೂಲಕ ಒಂದನ್ನೊಂದು ಮುಟ್ಟಿದರೆ ನೂರಾರು ಆಂಪಿಯರು ಸುರಿಯಬಲ್ಲದು. ಬ್ಯಾಟರಿಯಿಂದ 3 ಮೀಟರು ದೂರದಲ್ಲಿ ಒಂದು ಚದರ ಮಿಲಿಮೀಟರಿನ ಜೋಡಿ ತಂತಿಯನ್ನು ಇಲಿ ಕಡಿದು ಒಳಗಿನ ತಾಮ್ರ ಪರಸ್ಪರ ತಾಗಿತೆಂದರೆ, ಆ ಹಾದಿಯ ರೋಧ 0.1 ಓಮಿನಷ್ಟು; ಹರಿಯುವುದು 100 ಆಂಪಿಯರಿನ ಆಸುಪಾಸು. ಆ ತಂತಿ ಹೊರಬಲ್ಲುದಕ್ಕಿಂತ ಇದು ಹತ್ತು ಪಟ್ಟಿನಷ್ಟು. ಪ್ಲಾಸ್ಟಿಕ್ಕು ಕ್ಷಣಗಳಲ್ಲಿ ಕರಗಿ ಉರಿಯುತ್ತದೆ. ತಂತಿ ಹಾದುಹೋಗಿರುವುದು ಹುಲ್ಲು ಒಟ್ಟಿದ ಅಟ್ಟದಲ್ಲಿ, ಒಣಗಿದ ದರಕಿನ ಮೇಲೆ, ಬಣ್ಣ ಕಾಣದ ಹಳೆಯ ತೊಲೆಯ ಮಗ್ಗುಲಲ್ಲಿ. ಅಗ್ನಿಶಾಮಕದ ಬಂಡಿ ಘಟ್ಟದ ಮಣ್ಣುರಸ್ತೆ ಹತ್ತಿ ಬರುವ ವೇಳೆಗೆ ಉಳಿಯುವುದು ಗೋಡೆ ಮಾತ್ರ.

ಇದನ್ನು ತಡೆಯುವುದು ಅಂಗೈಯಲ್ಲಿ ಹಿಡಿಯುವ ಒಂದು ಫ್ಯೂಸು. ಅದು ಬ್ಯಾಟರಿಯ ಧನಧ್ರುವದ ಪಕ್ಕದಲ್ಲಿಯೇ, ಒಂದು ಗೇಣಿನೊಳಗೆ ಇರಬೇಕು. ದೀಪದ ಹತ್ತಿರದ ಸ್ವಿಚ್ಚು ಹಲಗೆಯಲ್ಲಿ ಫ್ಯೂಸು ಹಾಕಿದರೆ, ಬ್ಯಾಟರಿಗೂ ಅದಕ್ಕೂ ನಡುವಿನ ಅಷ್ಟೂ ತಂತಿಗೆ ಕಾವಲೇ ಇಲ್ಲ. ಫ್ಯೂಸು ಕಾಯುವುದು ದೀಪವನ್ನಲ್ಲ, ತಂತಿಯನ್ನು. ಈ ಒಂದು ಮಾತು ಸರಿಯಾಗಿ ಮನಸ್ಸಿಗಿಳಿದರೆ ಉಳಿದ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಫ್ಯೂಸಿನ ಆಂಪಿಯರು ದೀಪಗಳ ಒಟ್ಟು ಪ್ರವಾಹಕ್ಕಿಂತ ತುಸು ಹೆಚ್ಚಿರಬೇಕು, ತಂತಿ ತಡೆಯಬಲ್ಲ ಪ್ರವಾಹಕ್ಕಿಂತ ಖಂಡಿತ ಕಡಿಮೆಯಿರಬೇಕು. ದೂರದ ತುದಿಯಲ್ಲಿ ತಂತಿಗಳು ತಾಗಿದರೂ ಅದು ಕರಗುವಂತಿರಬೇಕು. 30 ಮೀಟರು ದೂರದ ಕೊಟ್ಟಿಗೆಯಲ್ಲಿ ತಂತಿ ತಾಗಿದರೆ, ಒಂದು ಚದರ ಮಿಲಿಮೀಟರಿನ ಹಾದಿಯಲ್ಲಿ ಹರಿಯುವುದು ಕೇವಲ 11 ಆಂಪಿಯರು. ಅಲ್ಲಿ 20 ಆಂಪಿಯರಿನ ಫ್ಯೂಸು ಇದ್ದರೆ ಅದು ಎಂದೂ ಕರಗದು; ನೂರಕ್ಕೂ ಮಿಕ್ಕಿದ ವ್ಯಾಟು ಶಾಖ ತಂತಿಯುದ್ದಕ್ಕೂ ಹರಡಿಕೊಂಡು ಬ್ಯಾಟರಿ ಬರಿದಾಗುವವರೆಗೂ ನಡೆಯುತ್ತದೆ. ಒಂದೆರಡು ದೀಪದ ಇಂಥ ಸಾಲಿಗೆ 2 ಅಥವಾ 3 ಆಂಪಿಯರಿನ ಫ್ಯೂಸು ತಕ್ಕುದು.

ಇನ್ನು ಕಂಬದ ಕರೆಂಟಿನ ಮನೆಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಬೆಳಕು ನಾಡಿಗೆಲ್ಲ ಹರಿದರೂ, ಹಿನ್ನೀರಿನಾಚೆಯ ಎಷ್ಟೋ ಮನೆಗಳಿಗೆ ಕಂಬ ಬರಲು ದಶಕಗಳೇ ಹಿಡಿದವು. ತಡವಾಗಿ ಬಂದ ಕರೆಂಟನ್ನು ಸಿಕ್ಕಿದ ತಂತಿಯಲ್ಲಿ ಒಳಗೆ ಎಳೆದುಕೊಂಡದ್ದೂ ಆಯಿತು. ಭಾಗ್ಯಜ್ಯೋತಿಯಲ್ಲಿ ಒಂದೇ ದೀಪಕ್ಕೆಂದು ಬಂದ ಸಂಪರ್ಕದಲ್ಲಿ ಇಂದು ಟೀವಿ, ಮಿಕ್ಸಿ, ಫ್ಯಾನು, ಮೊಬೈಲು ಎಲ್ಲವೂ ನಡೆಯುತ್ತಿವೆ; ತಂತಿ ಮಾತ್ರ ಅದೇ ಹಳೆಯದು.

230 ವೋಲ್ಟಿನಲ್ಲಿ ದೀಪದ ಸರ್ಕೀಟಿಗೆ ವೋಲ್ಟೇಜಿನ ನಷ್ಟ ದೊಡ್ಡ ಸಂಗತಿಯಲ್ಲ. 9 ವ್ಯಾಟಿನ ಹತ್ತು ಎಲ್‌ಇಡಿ ಒಟ್ಟಿಗೆ ಉರಿದರೂ ಅರ್ಧ ಆಂಪಿಯರು ದಾಟದು. ಹಾಗಿದ್ದ ಮೇಲೆ ನೂಲಿನಂಥ ತಂತಿ ಸಾಲದೇ ಎಂದು ಕೇಳಬಹುದು. ಸಾಲದು. ತಂತಿಯನ್ನು ದಿನನಿತ್ಯದ ಹೊರೆಗೆ ಮಾತ್ರ ಆರಿಸುವುದಿಲ್ಲ. ಯಾವುದೋ ಒಂದು ದಿನ ಆಗುವ ಅವಘಡಕ್ಕೂ, ಮುಂದೊಂದು ದಿನ ಯಾರೋ ಸೇರಿಸುವ ಹೊರೆಗೂ ಆರಿಸಬೇಕು. ಪೈಪಿನೊಳಗೆ ಎಳೆಯುವಾಗ ಹರಿಯದಷ್ಟು ಗಟ್ಟಿಯೂ ಇರಬೇಕು. ಆದುದರಿಂದ ದೀಪ ಮತ್ತು ಫ್ಯಾನುಗಳ ಸರ್ಕೀಟಿಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರ, ಅದಕ್ಕೆ 6 ಆಂಪಿಯರಿನ, ಹೆಚ್ಚೆಂದರೆ 10 ಆಂಪಿಯರಿನ ಎಂಸಿಬಿ ಎಂಬುದು ನಿಲುಗಡೆಗೆ ಬಂದಿರುವ ಕ್ರಮ. ಒಂದು ಸರ್ಕೀಟಿನಲ್ಲಿ ಹತ್ತು ಪಾಯಿಂಟು ಅಥವಾ 800 ವ್ಯಾಟು ಮೀರಬಾರದೆಂಬ ರೂಢಿಯೂ ಇದೆ. ಇಸ್ತ್ರಿಪೆಟ್ಟಿಗೆ, ಗೀಸರು, ಪಂಪುಗಳಿಗೆ ಬೇರೆಯೇ ಸರ್ಕೀಟು, ಎರಡೂವರೆ ಅಥವಾ ನಾಲ್ಕರ ತಂತಿ.

ಈ ಕ್ರಮ ಮುರಿಯುವುದು ಹೆಚ್ಚಾಗಿ ಅಡಿಕೆಯ ಸುಗ್ಗಿಯಲ್ಲಿ. ಸುಲಿಯುವ ಯಂತ್ರ ಕಣಕ್ಕೆ ಬರುತ್ತದೆ. ಕಣದಲ್ಲಿ ಪ್ಲಗ್ಗಿಲ್ಲ. ಜಗಲಿಯ ದೀಪದ ಹಲಗೆಯಿಂದ ಉದ್ದನೆಯ ತಂತಿ ಎಳೆಯುತ್ತಾರೆ. ಒಂದು ಅಶ್ವಶಕ್ತಿಯ ಮೋಟಾರು ಓಡುವಾಗ 6 ಆಂಪಿಯರಿನ ಆಸುಪಾಸು ಎಳೆದರೂ, ಹೊರಡುವ ಗಳಿಗೆಯಲ್ಲಿ ಅದರ ಐದಾರು ಪಟ್ಟು ಕೇಳುತ್ತದೆ. 40 ಮೀಟರಿನ ತೆಳು ತಂತಿಯಲ್ಲಿ ಆ ಗಳಿಗೆ 40 ವೋಲ್ಟಿಗೂ ಹೆಚ್ಚು ಕುಸಿಯುತ್ತದೆ. ಸಂಜೆಯ ಹೊತ್ತು ಊರಿನ ವೋಲ್ಟೇಜು ಮೊದಲೇ ಕಡಿಮೆಯಿದ್ದರೆ ಮೋಟಾರು ತಿರುಗದೆ ಗೊರಗುಟ್ಟುತ್ತ ನಿಲ್ಲುತ್ತದೆ, ನಿಂತಷ್ಟು ಹೊತ್ತೂ ಆ ಭಾರೀ ಪ್ರವಾಹವನ್ನೇ ಎಳೆಯುತ್ತದೆ. ಫ್ಯೂಸು ಹಾರುತ್ತದೆ. ಮತ್ತೆ ಕಟ್ಟುತ್ತಾರೆ, ಮತ್ತೆ ಹಾರುತ್ತದೆ. ಮೂರನೆಯ ಸಲ ಯಾರೋ ಜಾಣರು ವೈರಿನ ನಾಲ್ಕು ಎಳೆ ಹೊಸೆದು ಫ್ಯೂಸಿಗೆ ಕಟ್ಟುತ್ತಾರೆ. ಅಂದಿನ ಕೆಲಸ ಸಾಗುತ್ತದೆ. ಅಡಿಕೆ ಸುಲಿದು ಮುಗಿಯುತ್ತದೆ, ಯಂತ್ರ ಮುಂದಿನ ಮನೆಗೆ ಹೋಗುತ್ತದೆ. ಆ ನಾಲ್ಕು ಎಳೆ ಅಲ್ಲಿಯೇ ಉಳಿಯುತ್ತದೆ, ವರ್ಷಗಟ್ಟಲೆ. ಮುಂದೆಂದೋ ಅಟ್ಟದಲ್ಲಿ ತಂತಿ ತಾಗಿದಾಗ ಕರಗಬೇಕಾದ ಫ್ಯೂಸು ಕರಗುವುದಿಲ್ಲ.

ಶಾಖದ ಲೆಕ್ಕ ಇಲ್ಲಿ ಅರಿವಿಗೆ ಬರಬೇಕು. ಶಾಖ ಏರುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಒಂದೂವರೆಯ ತಂತಿಯಲ್ಲಿ 5 ಆಂಪಿಯರು ಹರಿದರೆ ಪ್ರತಿ ಮೀಟರಿಗೆ 0.3 ವ್ಯಾಟು ಶಾಖ. 15 ಆಂಪಿಯರಾದರೆ ಮೂರರಷ್ಟಲ್ಲ, ಒಂಬತ್ತರಷ್ಟು, ಅಂದರೆ 2.7 ವ್ಯಾಟು. ಗೋಡೆಯ ಮೇಲೆ ತೆರೆದಿರುವ ತಂತಿಯಿಂದ ಅದು ಗಾಳಿಗೆ ಹೋಗುತ್ತದೆ. ಹುಲ್ಲಿನ ಹೊರೆಯ ಅಡಿಯಲ್ಲಿ ಹೂತ ತಂತಿಗೆ ಹೋಗಲು ದಾರಿಯಿಲ್ಲ. ಅಲ್ಲಿ ಪುಸ್ತಕದ ಆಂಪಿಯರು ಮಿತಿ ಅನ್ವಯವಾಗುವುದಿಲ್ಲ. ಅಟ್ಟದ ಮೇಲೆ ಹುಲ್ಲು ಒಟ್ಟುವ ಮನೆಗಳಲ್ಲಿ ತಂತಿಯ ಹಾದಿಯನ್ನೇ ಬದಲಿಸುವುದು ದಪ್ಪ ಹೆಚ್ಚಿಸುವುದಕ್ಕಿಂತ ಲೇಸು.

2023ರಿಂದ ಗೃಹಜ್ಯೋತಿಯಡಿ 200 ಯೂನಿಟ್‌ವರೆಗೆ ಬಿಲ್ಲಿಲ್ಲದ ಮನೆಗಳಲ್ಲಿ ಇನ್ನೊಂದು ತೊಡಕು ಸೇರಿದೆ. ಮೊದಲು ಎಲ್ಲಿಯೋ ಸೋರಿಕೆಯಾದರೆ, ತಂತಿ ಬಿಸಿಯಾದರೆ, ಬಿಲ್ಲು ಏರಿ ಎಚ್ಚರಿಸುತ್ತಿತ್ತು. ಈಗ ಆ ಎಚ್ಚರಿಕೆಯ ಗಂಟೆ ಬಾರಿಸುವುದು ಅಪರೂಪ. ಬಿಲ್ಲು ಸೊನ್ನೆಯಾದರೂ ತಂತಿಯ ಬಿಸಿ ಸೊನ್ನೆಯಾಗಿರುವುದಿಲ್ಲ.

ಹಳೆಯ ಮನೆಗಳಲ್ಲಿ ಸಾಗುವಾನಿ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರಿಂಗು ಇನ್ನೂ ಉಂಟು. ನೋಡಲು ಅಚ್ಚುಕಟ್ಟು, ಅದನ್ನು ಮಾಡಿದ ಕೈಗಳ ಶ್ರದ್ಧೆ ಇಂದು ದುರ್ಲಭ. ಆದರೆ ಹೊಗೆಯಲ್ಲಿ ಬೆಂದ ಹೊದಿಕೆ ಬೆರಳು ಮುಟ್ಟಿದರೆ ಪುಡಿಯಾಗುತ್ತದೆ. ಎಷ್ಟೋ ಕಡೆ ಒಳಗಿರುವುದು ಅಲ್ಯೂಮಿನಿಯಮ್ಮು. ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಸ್ಕ್ರೂವಿನಡಿ ಕಾಲಕ್ರಮೇಣ ಸಡಿಲವಾಗಿ ಅಲ್ಲಿಯೇ ಕಿಡಿಯಾಡುತ್ತದೆ. ತಾಮ್ರ, ಅಲ್ಯೂಮಿನಿಯಮ್ಮುಗಳನ್ನು ನೇರವಾಗಿ ಹೊಸೆದು ಗಂಟು ಹಾಕಿದರೆ ಮಲೆನಾಡಿನ ತೇವದಲ್ಲಿ ಆ ಗಂಟು ಬಹುಕಾಲ ಬಾಳದು. ಕೊಟ್ಟಿಗೆಯಲ್ಲಂತೂ ಗಂಜಲದ ಆವಿಗೆ ತಾಮ್ರವೂ ಹಸಿರು ಕಿಲುಬು ಹಿಡಿಯುತ್ತದೆ. ಅಲ್ಲಿ ಗಂಟೇ ಇರಬಾರದು. ತಂತಿ ಪೈಪಿನೊಳಗೆ ಅಖಂಡವಾಗಿ ದೀಪದವರೆಗೆ ಹೋಗಬೇಕು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹಸು ಮನುಷ್ಯರಿಗಿಂತ ಬೇಗ ಶಾಕಿಗೆ ಬಲಿಯಾಗುತ್ತದೆ. ಕೊಟ್ಟಿಗೆಗೆ 230 ವೋಲ್ಟು ಒಯ್ಯುವವರು ತಂತಿಯ ದಪ್ಪದ ಜೊತೆಗೆ ಅರ್ಥಿಂಗನ್ನೂ, 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಪರವಾನಗಿ ಇರುವ ಕೆಲಸಗಾರರಿಂದ ಹಾಕಿಸಿಕೊಳ್ಳಲೇಬೇಕು. 12 ವೋಲ್ಟಿನ ದೀಪಕ್ಕೆ ಕೊಟ್ಟಿಗೆಯೇ ಅತ್ಯಂತ ಯೋಗ್ಯ ಸ್ಥಳವೆಂಬುದು ಇದರಿಂದ ಬರುವ ಮಾತು. ಕಂಬದ ಕರೆಂಟು ಇದ್ದರೂ ಕೊಟ್ಟಿಗೆಗೆ ಮಾತ್ರ ಬ್ಯಾಟರಿಯ ದೀಪವನ್ನು ಉಳಿಸಿಕೊಂಡವರು ಜಾಣರು.

ಹಳ್ಳದ ನೀರಿನಿಂದ ಸ್ವಂತ ವಿದ್ಯುತ್ತು ಮಾಡಿಕೊಳ್ಳುವ ಮನೆಗಳಲ್ಲಿ ಟರ್ಬೈನಿನಿಂದ ಮನೆಗೆ ಬರುವ ದೂರವೇ ದೊಡ್ಡ ಲೆಕ್ಕ. ಒಂದು ಕಿಲೋವ್ಯಾಟು, 300 ಮೀಟರು, 230 ವೋಲ್ಟು. ಎರಡೂವರೆಯ ತಾಮ್ರದಲ್ಲಿ ಸುಮಾರು 19 ವೋಲ್ಟು ದಾರಿಯಲ್ಲಿ ಹೋಗುತ್ತದೆ. 10 ಚದರ ಮಿಲಿಮೀಟರಿನ ಅಲ್ಯೂಮಿನಿಯಮ್ಮಿನಲ್ಲಿ 7 ವೋಲ್ಟಿನಷ್ಟು. ಇಷ್ಟು ಉದ್ದಕ್ಕೆ ಅಲ್ಯೂಮಿನಿಯಮ್ಮೇ ಮಿತವ್ಯಯ; ಮನೆಯೊಳಗೆ ಬೇಡವೆಂದದ್ದು ತೋಟದ ಮೇಲಿನ ಕಂಬಗಳಲ್ಲಿ ತಕ್ಕುದೇ ಆಗುತ್ತದೆ. ಬೇಲಿಯ ಕಬ್ಬಿಣದ ತಂತಿಯನ್ನು ಮಾತ್ರ ಇದಕ್ಕೆ ಬಳಸಬಾರದು.

ಅಂಗಡಿಯಲ್ಲಿ ಹಳೆಯ ಕೆಲಸಗಾರರು ಇಂದಿಗೂ ‘ಮೂರು ಇಪ್ಪತ್ತೆರಡು’, ‘ಏಳು ಇಪ್ಪತ್ತು’ ಎಂದು ಕೇಳುತ್ತಾರೆ. ಮೊದಲ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಗೇಜು. 3/22 ಎಂದರೆ ಲೆಕ್ಕಕ್ಕೆ ಸುಮಾರು 1.2 ಚದರ ಮಿಲಿಮೀಟರು, ಆದರೆ ರೂಢಿಯಲ್ಲಿ ಅದನ್ನು ಒಂದೂವರೆಗೆ ಸಮನೆಂದು ಹಿಡಿಯುತ್ತಾರೆ. ಗೇಜಿನ ಅಂಕಿ ಹೆಚ್ಚಿದಂತೆ ಎಳೆ ಸಪೂರವಾಗುತ್ತದೆಂಬುದನ್ನು ಮರೆಯಬಾರದು. ‘ದೊಡ್ಡ ನಂಬರಿನದು ಕೊಡಿ’ ಎಂದು ಕೇಳಿ ಮೋಸಹೋಗುವುದುಂಟು. ಈಗಿನ ತಂತಿಯ ಮೈಮೇಲೆ ಚದರ ಮಿಲಿಮೀಟರು, ಐಎಸ್ 694 ಎಂಬ ಸಂಖ್ಯೆ, ಐಎಸ್‌ಐ ಗುರುತು ಅಚ್ಚಾಗಿರುತ್ತವೆ. ಅಚ್ಚಿಲ್ಲದ ಸುರುಳಿ ಅಗ್ಗವಾಗಿ ಸಿಕ್ಕರೆ ತುದಿಯನ್ನು ಚಾಕುವಿನಿಂದ ಕೆರೆದು ನೋಡಬೇಕು. ತಾಮ್ರದ ಬಣ್ಣದಡಿ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ಮು.

ಹಾಕಿಸಿದ ಮೇಲೆ ಪರೀಕ್ಷೆ ಕಷ್ಟವಲ್ಲ. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಒಂದು ಮಲ್ಟಿಮೀಟರು ಸಾಕು, ಹೈಸ್ಕೂಲಿನ ಹುಡುಗ ಹುಡುಗಿಯರೇ ಕೇರಿಯ ಸೌರದೀಪಗಳನ್ನೆಲ್ಲ ಒಂದು ವಾರದಲ್ಲಿ ನೋಡಿ ಮುಗಿಸಬಹುದು. 12 ವೋಲ್ಟಿನದನ್ನು ಮಾತ್ರ. ಕಂಬದ ಕರೆಂಟಿಗೆ ಕೈಹಾಕುವಂತಿಲ್ಲ. ಕತ್ತಲಾದ ಮೇಲೆ ಎಲ್ಲ ದೀಪಗಳನ್ನೂ ಹೊತ್ತಿಸಿ, ಬ್ಯಾಟರಿಯ ಧ್ರುವಗಳಲ್ಲಿ ಒಮ್ಮೆ, ಅತ್ಯಂತ ದೂರದ ದೀಪದ ಹೋಲ್ಡರಿನಲ್ಲಿ ಒಮ್ಮೆ ಅಳೆಯಬೇಕು. ದೀಪ ಉರಿಯುತ್ತಿರುವಾಗಲೇ ಅಳೆಯುವುದು ಮುಖ್ಯ, ಆರಿಸಿ ಅಳೆದರೆ ಎರಡೂ ಕಡೆ ಒಂದೇ ಅಂಕಿ ಕಾಣುತ್ತದೆ. ವ್ಯತ್ಯಾಸ 0.6ರೊಳಗಿದ್ದರೆ ತಂತಿ ಸರಿಯಿದೆ, ಮಂಕಿಗೆ ಬೇರೆ ಕಾರಣ ಹುಡುಕಬೇಕು. ಒಂದೂವರೆ, ಎರಡು ವೋಲ್ಟು ಕಂಡರೆ ಹೊಸ ಬ್ಯಾಟರಿಗೆ ಹಣ ಕಟ್ಟುವ ಮೊದಲು ಮೀಟರು ಕಡ್ಡಿ ತಂದು ಕೊಟ್ಟಿಗೆಯ ದೂರ ಅಳೆದು, ವ್ಯಾಟಿನಿಂದ ಗುಣಿಸಿ, 200ರಿಂದ ಭಾಗಿಸಿ ಚೀಟಿಯಲ್ಲಿ ಬರೆದು ಅಂಗಡಿಗೆ ಒಯ್ಯಬೇಕು.